ಅರ್ಜಿದಾರರ ಮೇಲೆ ಅನುಮಾನ, ಕಂಪನಿಯ ಮೇಲೆ ನಂಬಿಕೆ

ಸಂಪಾದಕರಿಗೆ,

ಮಾನ್ಯರೇ,

ಬೆಲೆ ಏರಿದೆ, ಸಂಬಳ ಏರಿಲ್ಲ, ಕಚೇರಿಗೆ ಹೋದರೆ ಕಡತ ಅಲುಗುವುದಿಲ್ಲ, ದೊಡ್ಡ ಕಂಪನಿಗಳು ಹೇಳಿದ್ದೇ ನಡೆಯುತ್ತದೆ ಎಂಬ ದೂರು ಓದುಗರ ಪತ್ರಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಹಾಗೆ ಬರೆಯುವವರ ಸಿಟ್ಟಿನಲ್ಲಿ ಬಹುಪಾಲು ನನ್ನದೂ ಹೌದು. ಆದರೆ ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಆ ದೂರಿಗೆ ಒಂದು ತಿದ್ದುಪಡಿ ಸೂಚಿಸುವುದಕ್ಕಾಗಿ ಈ ಪತ್ರ. ಸರ್ಕಾರಕ್ಕೆ ಕೆಲಸ ಮಾಡಲು ಬರುವುದಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದಕ್ಕೆ ಕೆಲಸ ಚೆನ್ನಾಗಿಯೇ ಬರುತ್ತದೆ. ಯಾರ ಮಾತನ್ನು ಸಾಕ್ಷಿ ಕೇಳದೆ ನಂಬಬೇಕು, ಯಾರ ಮಾತನ್ನು ಸಾಕ್ಷಿ ಕೊಟ್ಟರೂ ನಂಬಬಾರದು ಎಂಬ ಅಲಿಖಿತ ಪಟ್ಟಿಯೊಂದು ಅದರ ಬಳಿ ಇದೆ; ಕಡತ ಓಡುವುದೂ ಕೂರುವುದೂ ಆ ಪಟ್ಟಿಯ ಪ್ರಕಾರವೇ.

ನಾನು ಪಿಂಚಣಿ ವಿಭಾಗದಲ್ಲಿದ್ದಾಗ ವಯಸ್ಸಾದ ಹೆಂಗಸೊಬ್ಬರು ವಿಧವಾ ವೇತನದ ಅರ್ಜಿ ಹಿಡಿದು ಬಂದಿದ್ದರು. ಒಂದು ದಾಖಲೆಯಲ್ಲಿ ಅವರ ಹೆಸರಿನ ಕೊನೆಯ ಅಕ್ಷರಕ್ಕೆ ದೀರ್ಘವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಅಷ್ಟೇ. ‘ಹೆಸರಿನಲ್ಲಿ ವ್ಯತ್ಯಾಸ ಕಂಡುಬಂದಿರುವುದರಿಂದ ಸೂಕ್ತ ದಾಖಲೆಗಳೊಂದಿಗೆ ಮರು ಅರ್ಜಿ ಸಲ್ಲಿಸತಕ್ಕದ್ದು’ ಎಂದು ನಾನೇ ಹಿಂಬರಹ ಬರೆದು ವಾಪಸು ಕೊಟ್ಟೆ. “ನಾನೇ ಇಲ್ಲಿ ನಿಂತಿದ್ದೀನಲ್ಲ ಸ್ವಾಮಿ, ಇನ್ಯಾರನ್ನ ಕರ್ಕೊಂಡು ಬರ್ಲಿ?” ಎಂದು ಆಕೆ ಕೇಳಿದ್ದು ಈಗಲೂ ನೆನಪಿದೆ. ಮೂರು ಸಲ ಬಂದು ಹೋದರು. ನಾಲ್ಕನೆಯ ಸಲ ಬಂದಾಗ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಓದಲು ಬಾರದ ಅವರಿಗೆ ಯಾವುದು ಯಾವ ಕಾಗದವೆಂಬುದು ಅದರ ಮೇಲಿನ ಮುದ್ರೆಯ ಬಣ್ಣದಿಂದಲೇ ಗೊತ್ತಿತ್ತು. ಪ್ರತಿ ಸಲವೂ ಒಂದು ದಿನದ ಕೂಲಿ ಬಿಟ್ಟು ಬರುತ್ತಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರ ಬಾಯಿಂದ.

ಮುಂದೆ ಬೇರೆ ವಿಭಾಗಕ್ಕೆ ವರ್ಗವಾದಾಗ ಕಂಪನಿಯೊಂದು ಸರ್ಕಾರಕ್ಕೆ ಕೊಡಬೇಕಾಗಿದ್ದ ಬಾಕಿಗೆ ಕಾಲಾವಕಾಶ ಕೋರಿದ ಕಡತ ನನ್ನ ಮೇಜಿಗೆ ಬಂತು. ಮೇಲೆ ‘ಅತಿ ಜರೂರು’ ಎಂಬ ಚೀಟಿ. ಒಳಗೆ ಕಂಪನಿ ತಾನೇ ಬರೆದುಕೊಂಡ ಸ್ವಯಂ ದೃಢೀಕರಣದ ಒಂದು ಪುಟ, ಅದು ನಿಜವೆಂದು ಕಂಪನಿಯೇ ಹಣ ಕೊಟ್ಟು ನೇಮಿಸಿಕೊಂಡ ಲೆಕ್ಕಪರಿಶೋಧಕರ ಇನ್ನೊಂದು ಪುಟ. ಮೂರನೆಯ ದಿನ ಅದಕ್ಕೆ ಅನುಮೋದನೆಯಾಗಿತ್ತು. ಅದರಲ್ಲಿ ಲಂಚವಿತ್ತೆಂದು ನಾನು ಹೇಳುತ್ತಿಲ್ಲ, ಇರಲಿಲ್ಲವೆಂದೇ ನನ್ನ ತಿಳಿವಳಿಕೆ. ಎಲ್ಲವೂ ನಿಯಮದ ಪ್ರಕಾರವೇ ನಡೆದಿತ್ತು. ನನ್ನನ್ನು ಕಾಡುತ್ತಿರುವುದೂ ಅದೇ.

ಗುಮಾಸ್ತರ ಕಡೆಯ ಸತ್ಯವನ್ನೂ ಹೇಳಬೇಕು. ಅನರ್ಹರೊಬ್ಬರಿಗೆ ಪಿಂಚಣಿ ಮಂಜೂರಾಗಿಬಿಟ್ಟರೆ ಆಡಿಟ್ ಆಕ್ಷೇಪಣೆ ಬರುತ್ತದೆ, ಟಿಪ್ಪಣಿ ಬರೆದವನ ಹೆಸರು ಹುಡುಕುತ್ತಾರೆ, ಕೆಲವೊಮ್ಮೆ ಅವನ ಸಂಬಳದಿಂದಲೇ ವಸೂಲಾಗುತ್ತದೆ. ಕೋಟಿಗಳ ಕಡತ ಕೆಟ್ಟರೆ ಹಾಗಾಗುವುದಿಲ್ಲ, ಏಕೆಂದರೆ ಅದರ ಮೇಲೆ ಹನ್ನೆರಡು ಸಹಿಗಳಿರುತ್ತವೆ. ಹನ್ನೆರಡು ಜನರ ಜವಾಬ್ದಾರಿ ಎಂದರೆ ಯಾರ ಜವಾಬ್ದಾರಿಯೂ ಅಲ್ಲ. ಹೀಗಾಗಿ ಸಣ್ಣವರನ್ನು ನಂಬುವುದು ಗುಮಾಸ್ತನಿಗೆ ಅಪಾಯ, ದೊಡ್ಡವರನ್ನು ನಂಬುವುದು ಕ್ಷೇಮ. ಇದನ್ನು ಒಬ್ಬ ಮಂತ್ರಿಯ ಅಥವಾ ಒಂದು ಪಕ್ಷದ ಕೆಟ್ಟತನವೆಂದು ಬಗೆಯುವವರು ಅಧಿಕಾರ ಬದಲಾದ ಮರುವರ್ಷವೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ.

ಇದು ಹಿಂದುಳಿದ ದೇಶಗಳ ರೋಗವೆಂದು ತಿಳಿದವರು ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದದ್ದನ್ನು ನೋಡಬೇಕು. ಅಲ್ಲಿನ ತೆರಿಗೆ ಇಲಾಖೆ ಮಕ್ಕಳ ಪಾಲನಾ ಭತ್ಯೆ ಪಡೆಯುತ್ತಿದ್ದ ಸಾವಿರಾರು ಕುಟುಂಬಗಳನ್ನು ವಂಚಕರೆಂದು ಗುರುತಿಸಿತು. ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋಗಿದ್ದರೂ ವರ್ಷಗಟ್ಟಲೆ ಕೊಟ್ಟ ಭತ್ಯೆಯನ್ನು ಪೂರ್ತಿಯಾಗಿ ಹಿಂದಿರುಗಿಸುವಂತೆ ಆದೇಶಿಸಿತು. ವಂಚನೆ ಮಾಡುವ ಸಾಧ್ಯತೆ ಯಾರಿಗೆ ಹೆಚ್ಚು ಎಂದು ಅಳೆಯುವಾಗ ಪೌರತ್ವವನ್ನೂ ಲೆಕ್ಕಕ್ಕೆ ಹಿಡಿಯಿತು. ಮನೆ ಕಳೆದುಕೊಂಡವರಿದ್ದರು, ಸಾಲದಲ್ಲಿ ಮುಳುಗಿದವರಿದ್ದರು. 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ 2015ರ ನಂತರ ಜಾರಿಗೆ ಬಂದು ‘ರೋಬೋಡೆಟ್’ ಎಂದೇ ಕುಖ್ಯಾತವಾದ ವ್ಯವಸ್ಥೆ ಇನ್ನೂ ವಿಚಿತ್ರ. ಒಬ್ಬರ ಇಡೀ ವರ್ಷದ ಆದಾಯವನ್ನು ಎರಡೆರಡು ವಾರಗಳ ಇಪ್ಪತ್ತಾರು ಅವಧಿಗಳಿಗೆ ಸಮನಾಗಿ ಹಂಚಿ, ನೀವು ಕೆಲಸವಿಲ್ಲದೆ ಭತ್ಯೆ ಪಡೆದ ಎರಡು ವಾರಗಳಲ್ಲೂ ಇಷ್ಟು ಗಳಿಸಿದ್ದೀರಿ, ಆದ್ದರಿಂದ ಸರ್ಕಾರಕ್ಕೆ ಇಷ್ಟು ಸಾಲಗಾರರು ಎಂದು ಯಂತ್ರವೇ ನೋಟಿಸು ಕಳಿಸುತ್ತಿತ್ತು. ಸಾಲವಿಲ್ಲವೆಂದು ತೋರಿಸುವ ಹೊಣೆ ನೋಟಿಸು ಬಂದವರದು. ಹಲವು ವರ್ಷಗಳ ಹಿಂದಿನ ಸಂಬಳ ಚೀಟಿ ಹುಡುಕಿ ತರುವ ಕೆಲಸವೂ ಅವರದೇ. ಆ ವ್ಯವಸ್ಥೆ ನ್ಯಾಯಸಮ್ಮತವೂ ಆಗಿರಲಿಲ್ಲ, ಕಾನೂನುಬದ್ಧವೂ ಆಗಿರಲಿಲ್ಲ ಎಂದು ರಾಯಲ್ ಕಮಿಷನ್ ಎಂಬ ತನಿಖಾ ಆಯೋಗ 2023ರಲ್ಲಿ ವರದಿ ಕೊಟ್ಟಿತು.

ಬ್ರಿಟನ್ನಿನ ಸರ್ಕಾರಿ ಅಂಚೆ ಸಂಸ್ಥೆಯ ಪ್ರಕರಣದಲ್ಲಿ ಈ ಅಪನಂಬಿಕೆಯ ಜೊತೆಗೇ ಕಂಪನಿಯ ಮೇಲಿನ ನಂಬಿಕೆಯೂ ಸೇರಿಕೊಂಡಿತ್ತು. ಫುಜಿತ್ಸು ಕಂಪನಿ ಒದಗಿಸಿದ ‘ಹೊರೈಜನ್’ ಎಂಬ ಲೆಕ್ಕದ ತಂತ್ರಾಂಶ ಅಂಚೆ ಕಚೇರಿಗಳಲ್ಲಿ ಇಲ್ಲದ ಕೊರತೆಯನ್ನು ತೋರಿಸತೊಡಗಿತು. ಹಣ ಎಲ್ಲಿ ಹೋಯಿತೆಂದು ತಿಳಿಯದೆ ಉಪ ಅಂಚೆಪಾಲಕರು ತಮ್ಮ ಉಳಿತಾಯದಿಂದ ತುಂಬಿದರು, ನೆಂಟರಿಷ್ಟರಲ್ಲಿ ಸಾಲ ಮಾಡಿ ತುಂಬಿದರು, ಕೊನೆಗೆ ಕಟಕಟೆಯಲ್ಲಿ ನಿಂತರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಕಳ್ಳತನ, ಸುಳ್ಳು ಲೆಕ್ಕ ಎಂಬ ಆರೋಪಗಳ ಮೇಲೆ ಶಿಕ್ಷೆಯಾಯಿತು. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವವರು ಆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ಮೊದಲು ತೋರಿಸಬೇಕೆಂಬ ನಿಯಮ ಅಲ್ಲಿ ಹಿಂದೆ ಇತ್ತು. 1999ರ ಕಾಯ್ದೆಯೊಂದು ಅದನ್ನು ತೆಗೆದುಹಾಕಿದ ಮೇಲೆ, ಬೇರೆ ಪುರಾವೆ ಬರುವವರೆಗೂ ಯಂತ್ರ ಸರಿಯಿದೆ ಎಂದೇ ನ್ಯಾಯಾಲಯಗಳು ಭಾವಿಸಿಕೊಂಡವು. ಊರಿನವರು ತಮ್ಮ ಉಳಿತಾಯವನ್ನು ನಂಬಿ ಕೊಡುತ್ತಿದ್ದ ಮನುಷ್ಯನ ಮಾತಿಗೆ ಪುರಾವೆ ಬೇಕು, ಗುತ್ತಿಗೆ ಪಡೆದ ಕಂಪನಿಯ ಯಂತ್ರದ ಮಾತಿಗೆ ಬೇಡ. ಆ ಯಂತ್ರದಲ್ಲಿ ದೋಷವಿತ್ತೆಂದು ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡಲು ಸಂಸತ್ತು ಕಾನೂನು ತಂದದ್ದು 2024ರ ಮೇ ತಿಂಗಳಿನಲ್ಲಿ. ಅಷ್ಟು ಹೊತ್ತಿಗೆ ಅವರಲ್ಲಿ ಹಲವರು ಕಳ್ಳರೆಂಬ ಹೆಸರು ಹೊತ್ತೇ ತೀರಿಕೊಂಡಿದ್ದರು. ‘ಸಿಸ್ಟಮ್ ತೆಗೆದುಕೊಳ್ಳುತ್ತಿಲ್ಲ’ ಎಂದು ಹೇಳಿ ಕಿಟಕಿ ಮುಚ್ಚಿದ ನನ್ನಂತಹವರಿಗೆ ಈ ಪ್ರಕರಣವನ್ನು ಓದುವುದು ಸುಲಭವಲ್ಲ.

ಈಗ ನಂಬಿಕೆಯ ಕಡೆಗೆ ಬರೋಣ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಹೊಸ ವಿಮಾನಗಳ ಸುರಕ್ಷತೆಯನ್ನು ಪ್ರಮಾಣೀಕರಿಸುವ ಕೆಲಸದ ದೊಡ್ಡ ಭಾಗವನ್ನು ತಯಾರಕರಿಗೇ, ಅಂದರೆ ಬೋಯಿಂಗ್ ಕಂಪನಿಯಿಂದಲೇ ಸಂಬಳ ಪಡೆಯುವ ನೌಕರರಿಗೇ ಬಿಟ್ಟುಕೊಟ್ಟಿತ್ತು. ಆ ಅಧಿಕಾರವನ್ನು ಇನ್ನಷ್ಟು ವಿಸ್ತರಿಸುವ ಅಂಶಗಳಿದ್ದ ಕಾನೂನಿಗೆ 2018ರ ಅಕ್ಟೋಬರ್ 5ರಂದು ಅಧ್ಯಕ್ಷರ ಅಂಕಿತ ಬಿತ್ತು. ಅಕ್ಟೋಬರ್ 29ರಂದು ಇಂಡೋನೇಷ್ಯಾದಲ್ಲಿ ಮೊದಲನೆಯ 737 ಮ್ಯಾಕ್ಸ್ ವಿಮಾನ ಸಮುದ್ರಕ್ಕೆ ಬಿತ್ತು. 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ ಎರಡನೆಯದು. ಒಟ್ಟು 346 ಜನ ಸತ್ತರು. ಮೂಗನ್ನು ತಾನಾಗಿಯೇ ಕೆಳಕ್ಕೆ ಒತ್ತುವ ತಂತ್ರಾಂಶವೊಂದು ಆ ವಿಮಾನದಲ್ಲಿದೆ ಎಂಬ ಸಂಗತಿ ಪೈಲಟ್‌ಗಳ ಕೈಪಿಡಿಯಲ್ಲೇ ಇರಲಿಲ್ಲ. ಒಂದು ದೀರ್ಘ ಬಿಟ್ಟುಹೋಗಿದ್ದಕ್ಕೆ ಅರ್ಜಿ ವಾಪಸಾಗುವ ಜಗತ್ತಿನಲ್ಲಿ ಇಷ್ಟು ದೊಡ್ಡ ಸಂಗತಿ ಬಿಟ್ಟುಹೋದ ಕೈಪಿಡಿ ಪಾಸಾಗಿತ್ತು.

ಫೋಕ್ಸ್‌ವ್ಯಾಗನ್ ಕಾರುಗಳು ಪ್ರಯೋಗಶಾಲೆಯಲ್ಲಿ ಮಾತ್ರ ಶುದ್ಧವಾಗಿ ಉಸಿರಾಡಿ ರಸ್ತೆಗಿಳಿದಾಗ ಹೊಗೆ ಉಗುಳುತ್ತಿದ್ದುದು 2015ರಲ್ಲಿ ಬಯಲಾದ ಕಥೆ ಎಲ್ಲರಿಗೂ ಗೊತ್ತು, ಸುಮಾರು 1.1 ಕೋಟಿ ಕಾರುಗಳು. ಅಷ್ಟಾಗಿ ಚರ್ಚೆಯಾಗದ್ದು ಜರ್ಮನಿಯದೇ ವೈರ್‌ಕಾರ್ಡ್ ಪ್ರಕರಣ. ಈ ಹಣಪಾವತಿ ಕಂಪನಿಯ ಲೆಕ್ಕದಲ್ಲಿ ಮೋಸವಿದೆ ಎಂದು ಪತ್ರಕರ್ತರು ಬರೆದಾಗ, ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ 2019ರಲ್ಲಿ ಕ್ರಿಮಿನಲ್ ದೂರು ಕೊಟ್ಟದ್ದು ಬರೆದ ಪತ್ರಕರ್ತರ ಮೇಲೆ. ಮರುವರ್ಷ ಜೂನ್‌ನಲ್ಲಿ ಕಂಪನಿಯೇ ತನ್ನ ಲೆಕ್ಕದಲ್ಲಿ ತೋರಿಸಿದ್ದ 190 ಕೋಟಿ ಯೂರೋ ಬಹುಶಃ ಅಸ್ತಿತ್ವದಲ್ಲೇ ಇಲ್ಲವೆಂದು ಒಪ್ಪಿಕೊಂಡು ದಿವಾಳಿ ಅರ್ಜಿ ಹಾಕಿತು. ಐರ್ಲೆಂಡಿನದು ಇನ್ನೊಂದು ಬಗೆ: ಆಪಲ್ ಕಂಪನಿಯಿಂದ 1,300 ಕೋಟಿ ಯೂರೋ ತೆರಿಗೆ ವಸೂಲು ಮಾಡಿ ಎಂದು ಯುರೋಪಿಯನ್ ಆಯೋಗ 2016ರಲ್ಲಿ ಹೇಳಿದಾಗ, ನಮಗೆ ಆ ಹಣ ಬೇಡ ಎಂದು ಐರ್ಲೆಂಡ್ ಸರ್ಕಾರವೇ ಕಂಪನಿಯ ಪಕ್ಕದಲ್ಲಿ ನಿಂತು 2024ರವರೆಗೂ ನ್ಯಾಯಾಲಯದಲ್ಲಿ ವಾದಿಸಿ ಸೋತಿತು. ಬಾಕಿ ಉಳಿಸಿಕೊಂಡ ಬಡವರ ಪಕ್ಕದಲ್ಲಿ ಸರ್ಕಾರ ಹೀಗೆ ನಿಂತದ್ದನ್ನು ನನ್ನ ಸೇವೆಯಲ್ಲಿ ನಾನು ಒಮ್ಮೆಯೂ ಕಾಣಲಿಲ್ಲ.

ಅನುಮಾನದ ಸಾಲನ್ನೂ ನಂಬಿಕೆಯ ಸಾಲನ್ನೂ ಒಂದೇ ಕಡೆ ನೋಡಬೇಕೆಂದರೆ 2008ರ ಅಮೆರಿಕಕ್ಕೆ ಹೋಗಬೇಕು. ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿಯಾದ ವಾರದಲ್ಲೇ ಬ್ಯಾಂಕುಗಳ ಕೆಟ್ಟ ಸಾಲಗಳನ್ನು ಕೊಳ್ಳಲು 70,000 ಕೋಟಿ ಡಾಲರ್ ಕೇಳುವ ಪ್ರಸ್ತಾವವನ್ನು ಖಜಾನೆ ಇಲಾಖೆ ಸಂಸತ್ತಿನ ಮುಂದಿಟ್ಟಿತು. ಅದು ಮೂರು ಪುಟಗಳ ಕಾಗದ. ಈ ಹಣದ ಬಗ್ಗೆ ಇಲಾಖೆ ಕೈಗೊಳ್ಳುವ ತೀರ್ಮಾನಗಳನ್ನು ಯಾವ ನ್ಯಾಯಾಲಯವೂ ಪರಿಶೀಲಿಸುವಂತಿಲ್ಲ ಎಂಬ ಸಾಲೂ ಅದರಲ್ಲಿತ್ತು. ಸಂಸತ್ತು ಜಗ್ಗಾಡಿತು, ಒಮ್ಮೆ ತಿರಸ್ಕರಿಸಿತು, ಷರತ್ತುಗಳನ್ನು ಸೇರಿಸಿತು, ನಿಜ. ಆದರೂ ಅಕ್ಟೋಬರ್ 3ರ ಹೊತ್ತಿಗೆ ಅದು ಕಾನೂನಾಗಿತ್ತು. ಎರಡು ವಾರ.

ಅದೇ ಬ್ಯಾಂಕುಗಳಿಂದ ಗೃಹಸಾಲ ಪಡೆದು ಕಂತು ಕಟ್ಟಲಾಗದೆ ಒದ್ದಾಡುತ್ತಿದ್ದವರಿಗೆಂದು 2009ರಲ್ಲಿ ಬೇರೊಂದು ಯೋಜನೆ ಬಂತು. 30ರಿಂದ 40 ಲಕ್ಷ ಕುಟುಂಬಗಳ ಸಾಲವನ್ನು ಮರುಹೊಂದಿಸುವ ಗುರಿಯಿಟ್ಟುಕೊಂಡಿದ್ದ ಆ ಯೋಜನೆ ಗುರಿಗಿಂತ ಬಹಳ ಹಿಂದೆಯೇ ನಿಂತಿತು. ಅರ್ಜಿಗಳನ್ನು ಸ್ವೀಕರಿಸಿ ತೀರ್ಮಾನಿಸುವ ಕೆಲಸವನ್ನು ಸಾಲ ನಿರ್ವಹಿಸುತ್ತಿದ್ದ ಅದೇ ಹಣಕಾಸು ಕಂಪನಿಗಳಿಗೆ ವಹಿಸಲಾಗಿತ್ತು. ಜನ ಸಂಬಳ ಚೀಟಿ, ತೆರಿಗೆ ಪತ್ರ, ಕಷ್ಟದ ಕಾರಣ ವಿವರಿಸುವ ಪತ್ರ ಎಲ್ಲವನ್ನೂ ಕಳಿಸಿದರು, ತಲುಪಿಲ್ಲ ಎಂಬ ಉತ್ತರ ಬಂತು, ಮತ್ತೆ ಕಳಿಸಿದರು, ಅಷ್ಟರಲ್ಲಿ ಸಂಬಳ ಚೀಟಿ ಹಳೆಯದಾಗಿದೆ, ಹೊಸದು ಕಳಿಸಿ ಎಂಬ ಉತ್ತರ ಬಂತು. ಇದನ್ನು ಓದುವಾಗ ನನ್ನ ಕಣ್ಣಿಗೆ ಬಂದದ್ದು ಆ ಪ್ಲಾಸ್ಟಿಕ್ ಚೀಲ. ಆದರೆ ಮನೆ ಜಪ್ತಿ ಮಾಡುವಾಗ ಬ್ಯಾಂಕುಗಳು ಹೇಗೆ ನಡೆದುಕೊಂಡವು? ಪ್ರತಿ ಸಾಲದ ದಾಖಲೆಯನ್ನೂ ಸ್ವತಃ ಪರಿಶೀಲಿಸಿದ್ದೇನೆ ಎಂದು ಪ್ರಮಾಣ ಮಾಡುವ ಅಫಿಡವಿಟ್‌ಗಳಿಗೆ ಅವುಗಳ ನೌಕರರು ಓದದೆಯೇ ತಿಂಗಳಿಗೆ ಸಾವಿರಗಟ್ಟಲೆ ಸಹಿ ಹಾಕುತ್ತಿದ್ದರು. 2010ರಲ್ಲಿ ಇದು ಹೊರಬಿದ್ದಾಗ ಅದಕ್ಕೆ ‘ರೋಬೋ ಸಹಿ’ ಎಂದೇ ಹೆಸರಾಯಿತು. 2012ರಲ್ಲಿ ಐದು ದೊಡ್ಡ ಬ್ಯಾಂಕುಗಳು 49 ರಾಜ್ಯಗಳೊಂದಿಗೆ ಸುಮಾರು 2,500 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡವು. ಸುಳ್ಳು ಪ್ರಮಾಣಪತ್ರ ಸಲ್ಲಿಸಿದ ಸಾಮಾನ್ಯ ಅರ್ಜಿದಾರನಿಗೆ ಒಪ್ಪಂದವೆಂಬ ಬಾಗಿಲು ಎಲ್ಲಿದೆ?

ಈ ನಂಬಿಕೆ ಆಕಾಶದಿಂದ ಇಳಿದದ್ದಲ್ಲ. ನಿಯಂತ್ರಣಕ್ಕೆಂದು ಮಾಡುವ ನಿಯಮಗಳನ್ನು ಸಾಮಾನ್ಯವಾಗಿ ಅದೇ ಉದ್ಯಮ ಗಳಿಸಿಕೊಂಡು ತನ್ನ ಅನುಕೂಲಕ್ಕೆ ರೂಪಿಸಿಕೊಳ್ಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1971ರಲ್ಲೇ ಬರೆದಿದ್ದರು. ಅವರು ಮಾರುಕಟ್ಟೆಯ ವಿರೋಧಿಯಲ್ಲ, ಅದರ ಗಟ್ಟಿ ಪ್ರತಿಪಾದಕರು ಎಂಬುದನ್ನು ಗಮನಿಸಬೇಕು. ಕರಡು ನಿಯಮ ಸಿದ್ಧವಾಗುವ ಕೋಣೆಯಲ್ಲಿ ಕಂಪನಿಗಳ ಪ್ರತಿನಿಧಿಗಳಿರುತ್ತಾರೆ, ಅದನ್ನು ಪಾಲಿಸಬೇಕಾದ ಕೂಲಿಯವರಿರುವುದಿಲ್ಲ. ಚುನಾವಣೆಗೆ ಹಣ ಕೊಡುವುದೂ ಆ ಕಂಪನಿಗಳೇ. ನಮ್ಮ ದೇಶದ ಚುನಾವಣಾ ಬಾಂಡ್ ಯೋಜನೆಯನ್ನೇ ತೆಗೆದುಕೊಳ್ಳಿ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 7.5ಕ್ಕಿಂತ ಹೆಚ್ಚು ಹಣವನ್ನು ಕಂಪನಿ ಪಕ್ಷಗಳಿಗೆ ಕೊಡುವಂತಿಲ್ಲ ಎಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಯಿತು. 2018ರಿಂದ ಯಾರು ಯಾರಿಗೆ ಕೊಟ್ಟರೆಂಬುದು ಮತದಾರರಿಗೆ ತಿಳಿಯದಂತಹ ಬಾಂಡ್‌ಗಳು ಚಾಲ್ತಿಗೆ ಬಂದವು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ಫೆಬ್ರುವರಿ 15ರಂದು ಅದನ್ನು ಅಸಾಂವಿಧಾನಿಕವೆಂದು ರದ್ದು ಮಾಡಿ ವಿವರ ಕೇಳಿದಾಗ, ಭಾರತೀಯ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಕಾಲಾವಕಾಶ ಬೇಡಿತು. ಮಾರ್ಚ್ 11ರಂದು ನ್ಯಾಯಾಲಯ ಅದನ್ನು ನಿರಾಕರಿಸಿತು. ಮಾರ್ಚ್ 12ರ ಸಂಜೆಗೆ ವಿವರಗಳು ಚುನಾವಣಾ ಆಯೋಗಕ್ಕೆ ತಲುಪಿದ್ದವು. ಕಡತ ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂಬುದು ಕಡತದಲ್ಲಿ ಎಷ್ಟು ಕೆಲಸವಿದೆ ಎಂಬುದರಿಂದ ನಿರ್ಧಾರವಾಗುವುದಿಲ್ಲವೆಂದು ಕಚೇರಿಯಲ್ಲಿ ನಾವು ತಮಾಷೆಗೆ ಹೇಳಿಕೊಳ್ಳುತ್ತಿದ್ದ ಮಾತು ನೆನಪಾಯಿತು.

ಪರಿಶೀಲನೆಯೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಸುಳ್ಳು ಅರ್ಜಿಗಳನ್ನು ನಾನೂ ಕಂಡಿದ್ದೇನೆ. ಸತ್ತವರ ಹೆಸರಿನಲ್ಲಿ ಹಣ ಪಡೆಯುವವರೂ ಇರುತ್ತಾರೆ. ಆದರೆ ಸಣ್ಣ ಮೊತ್ತದ ಅರ್ಜಿಯಲ್ಲಿ ಮೊದಲು ಕೊಟ್ಟು ಆಮೇಲೆ ಪರಿಶೀಲಿಸುವುದರಿಂದ ಆಗುವ ನಷ್ಟಕ್ಕೂ, ದೊಡ್ಡ ಮೊತ್ತದ ಸ್ವಯಂ ದೃಢೀಕರಣವನ್ನು ಪರಿಶೀಲಿಸದೆ ಒಪ್ಪುವುದರಿಂದ ಆಗುವ ನಷ್ಟಕ್ಕೂ ಅಜಗಜಾಂತರವಿದೆ. ಫ್ರಾನ್ಸ್ 2018ರಲ್ಲಿ ತಂದ ಕಾಯ್ದೆಯೊಂದು ‘ತಪ್ಪು ಮಾಡುವ ಹಕ್ಕು’ ಎಂದೇ ಹೆಸರಾಗಿದೆ: ಒಳ್ಳೆಯ ಉದ್ದೇಶದಿಂದ ಮೊದಲ ಸಲ ತಪ್ಪು ಮಾಡಿದವರಿಗೆ ದಂಡವಿಲ್ಲ, ಅದನ್ನು ತಿದ್ದಿಕೊಂಡರೆ ಸಾಕು, ಉದ್ದೇಶ ಕೆಟ್ಟದ್ದಾಗಿತ್ತೆಂದು ತೋರಿಸುವ ಹೊಣೆ ಇಲಾಖೆಯದು. ಅದಕ್ಕೂ ಮುಂಚೆ, 2014ರ ನವೆಂಬರಿನಿಂದ, ಅನೇಕ ಬಗೆಯ ಅರ್ಜಿಗಳಿಗೆ ಎರಡು ತಿಂಗಳೊಳಗೆ ಇಲಾಖೆ ಉತ್ತರ ಕೊಡದಿದ್ದರೆ ಅರ್ಜಿ ಒಪ್ಪಿಗೆಯಾದಂತೆಯೇ ಸರಿ ಎಂಬ ನಿಯಮ ಅಲ್ಲಿ ಜಾರಿಯಲ್ಲಿದೆ. ಮೌನಂ ಸಮ್ಮತಿ ಲಕ್ಷಣಂ ಎಂದು ನಾವು ಬಾಯಲ್ಲಿ ಹೇಳುವುದನ್ನು ಅವರು ಕಾಯ್ದೆಯಲ್ಲಿ ಬರೆದುಕೊಂಡಿದ್ದಾರೆ. ಅಪವಾದಗಳ ಪಟ್ಟಿ ಉದ್ದವಿದೆ, ಕಂಪನಿಗಳಿಗೂ ಅದರ ಲಾಭ ಸಿಗುತ್ತದೆ, ಎಲ್ಲ ಸರಿ. ಆದರೂ ಮೌನದ ಖರ್ಚನ್ನು ಅರ್ಜಿದಾರರ ತಲೆಯ ಮೇಲಿಂದ ಇಳಿಸಿದ್ದಾರೆ ಎಂಬುದು ಸಣ್ಣ ಮಾತಲ್ಲ.

ಇನ್ನೊಂದು ಕಡೆಯ ಕದ ತೆರೆಯುವುದೂ ಸಾಧ್ಯವಿದೆ. ಚಿಲಿ ದೇಶದಲ್ಲಿ 2014ರ ಕಾನೂನಿನ ಪ್ರಕಾರ ಉನ್ನತ ಅಧಿಕಾರಿಗಳು ತಮ್ಮನ್ನು ಭೇಟಿಯಾದ ಹಿತಾಸಕ್ತರ ವಿವರ, ಕೈಗೊಂಡ ಪ್ರವಾಸ, ಪಡೆದ ಉಡುಗೊರೆಗಳನ್ನು ಸಾರ್ವಜನಿಕವಾಗಿ ದಾಖಲಿಸಬೇಕು. ಐರ್ಲೆಂಡಿನಲ್ಲಿ, ಮೇಲೆ ಹೇಳಿದ ಅದೇ ಐರ್ಲೆಂಡಿನಲ್ಲಿ, ಯಾವ ವಿಷಯಕ್ಕಾಗಿ ಯಾವ ಮಂತ್ರಿಯನ್ನೋ ಅಧಿಕಾರಿಯನ್ನೋ ಕಂಡೆವೆಂದು ಲಾಬಿ ಮಾಡುವವರು ವರ್ಷಕ್ಕೆ ಮೂರು ಸಲ ಬರೆದು ಕೊಡಬೇಕೆಂದು 2015ರ ಕಾಯ್ದೆ ಹೇಳುತ್ತದೆ. ಅಂತಹ ಪುಸ್ತಕವೊಂದು ಕಚೇರಿಯಲ್ಲಿದ್ದರೆ ‘ಅತಿ ಜರೂರು’ ಚೀಟಿಯನ್ನು ಅಂಟಿಸುವ ಕೈ ಸ್ವಲ್ಪವಾದರೂ ಅಳುಕುತ್ತದೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಕಚೇರಿಯಲ್ಲಿ ಟಪ್ಪಾಲು ಪುಸ್ತಕದಲ್ಲಿ ಕಡತ ಬಂದ ವೇಳೆಯನ್ನೂ ಬರೆಯಬೇಕೆಂದು ಒಬ್ಬ ಮೇಲಧಿಕಾರಿ ಕಡ್ಡಾಯ ಮಾಡಿದ್ದ ಆರು ತಿಂಗಳು ಮಾತ್ರ, ಬಂದ ಕ್ರಮದಲ್ಲೇ ಕಡತಗಳು ಹೋಗುತ್ತಿದ್ದವು. ಅವರು ವರ್ಗವಾದರು, ವೇಳೆಯ ಅಂಕಣ ಖಾಲಿ ಉಳಿಯಿತು.

ತಮ್ಮ ಪತ್ರಿಕೆಯಿಂದ ನಾನು ಕೇಳುವುದು ಸಣ್ಣ ಸಂಗತಿ. ಉದ್ಯಮವೊಂದಕ್ಕೆ ರಿಯಾಯಿತಿ, ವಿನಾಯಿತಿ ಅಥವಾ ಸಾಲ ಮನ್ನಾ ಘೋಷಣೆಯಾದ ಸುದ್ದಿ ಪ್ರಕಟಿಸುವಾಗ, ಅದಕ್ಕೆ ಮನವಿ ಬಂದ ದಿನಾಂಕವನ್ನೂ ಆದೇಶವಾದ ದಿನಾಂಕವನ್ನೂ ಕೇಳಿ ಪಡೆದು ಸುದ್ದಿಯ ಕೆಳಗೆ ಅಚ್ಚು ಮಾಡಿ. ಪಿಂಚಣಿ, ಭತ್ಯೆ, ಪರಿಹಾರ ಸಿಗದವರ ಸುದ್ದಿಯ ಕೆಳಗೂ ಅದೇ ಎರಡು ದಿನಾಂಕಗಳನ್ನು ಅಚ್ಚು ಮಾಡಿ. ಟೀಕೆ ಟಿಪ್ಪಣಿ ಏನೂ ಬೇಡ. ನಾನು ವಾಪಸು ಕಳಿಸಿದ ಆ ಹೆಂಗಸಿಗೆ ಪಿಂಚಣಿ ಮಂಜೂರಾಯಿತು. ಮೊದಲ ಅರ್ಜಿಗೂ ಮಂಜೂರಾತಿಗೂ ನಡುವೆ ಹದಿನಾಲ್ಕು ತಿಂಗಳು ಕಳೆದಿದ್ದವು. ಆದರೆ ಮೊದಲ ಅರ್ಜಿಯನ್ನು ನಾವು ಹಿಂಬರಹ ಕೊಟ್ಟು ‘ವಿಲೇವಾರಿ’ ಮಾಡಿದ್ದರಿಂದ, ದಾಖಲೆಯ ಪ್ರಕಾರ ಅವರ ಕೆಲಸ ಹತ್ತೊಂಬತ್ತು ದಿನಗಳಲ್ಲಿ ಮುಗಿದಿತ್ತು.

ಇತಿ,
ನಿವೃತ್ತ ಪ್ರಥಮ ದರ್ಜೆ ಸಹಾಯಕ
(ಹೆಸರು ಪ್ರಕಟಣೆಗೆ ಬೇಡ)